ತಕ ತಕಿಟ ಎನ್ನುವ ಟಿವಿ

ಕ್ಯಾಮೆರಾ ಒಂದೆಡೆ ನಿಂತು ಇಬ್ಬರ ಮಾತುಕತೆಯನ್ನು ತೋರಿಸುತ್ತಿರುವಷ್ಟು ಹೊತ್ತು ಯಾವ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಅದೇ ಕ್ಯಾಮೆರಾ ಬೆಟ್ಟದ ಸಾಲನ್ನೋ ತೇರಿನ ಬೀದಿಯ ಜನಸಂದಣಿಯನ್ನೋ ಎಡದಿಂದ ಬಲಕ್ಕೆ ನಿಧಾನವಾಗಿ ಸವರಿಕೊಂಡು ಹೋಗಲಿ, ಆಗ ಟಿವಿಯ ಬಣ್ಣ ಬಯಲಾಗುತ್ತದೆ. ಮರಗಳು, ಕಂಬಗಳು, ಗೋಪುರದ ಅಂಚುಗಳು ಸರಾಗವಾಗಿ ಜಾರುವ ಬದಲು ಸಣ್ಣಗೆ ಕುಂಟುತ್ತವೆ. ನೋಡುವವರು ಮೊದಲು ಬೈಯುವುದು ಇಂಟರ್ನೆಟ್ಟನ್ನು. ಪೆನ್‌ಡ್ರೈವಿನಲ್ಲಿ ಹಾಕಿ ನೋಡಿದರೂ ಕುಂಟುವುದು ನಿಲ್ಲದಿದ್ದಾಗ ಟಿವಿಯನ್ನು, ಆಮೇಲೆ ಅದನ್ನು ಮಾರಿದ ಅಂಗಡಿಯವನನ್ನು. ಪಾಪ, ಇವರಾರೂ ಏನೂ ಮಾಡಿಲ್ಲ. ಸಿನಿಮಾ ಒಂದು ಲೆಕ್ಕದಲ್ಲಿ ಓಡುತ್ತಿದೆ, ಟಿವಿ ಇನ್ನೊಂದು ಲೆಕ್ಕದಲ್ಲಿ. ಭಾಗಾಕಾರ ಮಾಡಿದರೆ ಶೇಷ ಉಳಿಯುತ್ತಿದೆ, ಅಷ್ಟೆ.

ಚಲನಚಿತ್ರದಲ್ಲಿ ನಿಜವಾಗಿ ಚಲಿಸುವಂಥದ್ದು ಏನೂ ಇಲ್ಲ. ಅದು ಒಂದರ ಹಿಂದೊಂದು ಬರುವ ನಿಂತ ಚಿತ್ರಗಳ ಸಾಲು, ಸೆಕೆಂಡಿಗೆ 24. ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ ಎಷ್ಟು ಎಂಬುದು ಫ್ರೇಮ್ ರೇಟ್. ಟಿವಿಯ ಪ್ಯಾನಲ್‌ಗೆ ತನ್ನದೇ ಬೇರೆ ಗತಿಯಿದೆ. ಚಿತ್ರ ಬದಲಾಗಿರಲಿ ಬಿಡಲಿ, ಸೆಕೆಂಡಿಗೆ ಇಂತಿಷ್ಟು ಸಲ ಎಂದು ಅದು ಪರದೆಯನ್ನು ಹೊಸದಾಗಿ ಬರೆಯುತ್ತಲೇ ಇರುತ್ತದೆ. ಇದು ರಿಫ್ರೆಶ್ ರೇಟ್. ನಮ್ಮ ಮನೆಗಳಿಗೆ ಬರುವ ಸಾಧಾರಣ ಬೆಲೆಯ ಟಿವಿಗಳಲ್ಲಿ, ಅವುಗಳಿಗೆ ಸಿಕ್ಕಿಸುವ ಸ್ಟಿಕ್‌ಗಳಲ್ಲಿ ಅದು ಸಾಮಾನ್ಯವಾಗಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ.

60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಪ್ರತಿ ಫ್ರೇಮನ್ನೂ ಎರಡೂವರೆ ಸಲ ಬರೆಯಬೇಕು. ಅರ್ಧ ಸಲ ಬರೆಯುವ ವಿದ್ಯೆ ಮಾಮೂಲಿ ಪ್ಯಾನಲ್‌ಗೆ ಗೊತ್ತಿಲ್ಲ. ಹಾಗಾಗಿ ಒಂದು ಫ್ರೇಮನ್ನು ಎರಡು ಸಲ, ಅದರ ಮುಂದಿನದನ್ನು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು ಎಂದು ಬರೆದು ಲೆಕ್ಕ ಹೊಂದಿಸುತ್ತಾರೆ. ಒಂದು ಫ್ರೇಮ್ ಪರದೆಯ ಮೇಲೆ ಸುಮಾರು 33 ಮಿಲಿಸೆಕೆಂಡು ಇರುತ್ತದೆ, ಮುಂದಿನದು 50. ತಾಳ ಬಲ್ಲವರ ಕಿವಿಗೆ ಇದು ಖಂಡ ಚಾಪು: ತಕ ತಕಿಟ, ತಕ ತಕಿಟ. ಪಲ್ಲವಿ ಹಾಡುವಾಗ ಬಲು ಸೊಗಸು. ಆದರೆ ಕ್ಯಾಮೆರಾ ಈ ದೃಶ್ಯವನ್ನು ಹಿಡಿದದ್ದು ಸಮನಾದ ನಡೆಯಲ್ಲಿ, ಪ್ರತಿ ಫ್ರೇಮಿಗೂ 41.7 ಮಿಲಿಸೆಕೆಂಡು ಎಂದು. ತೋರಿಸುವಾಗ ಆ ಸಮತೂಕ ತಪ್ಪಿತು.

ಮಿಲಿಸೆಕೆಂಡುಗಳ ಈ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ದೃಶ್ಯದಲ್ಲಿನ ಒಂದು ವಸ್ತು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಕನಿಷ್ಠ ಏಳು ಸೆಕೆಂಡು ತೆಗೆದುಕೊಳ್ಳುವಷ್ಟು ನಿಧಾನವಾಗಿ ಕ್ಯಾಮೆರಾ ತಿರುಗಿಸಬೇಕು ಎಂಬುದು ಛಾಯಾಗ್ರಾಹಕರಲ್ಲಿ ರೂಢಿಯಲ್ಲಿರುವ ಮಾತು. 4ಕೆ ಪರದೆಯ ಅಗಲ 3840 ಪಿಕ್ಸೆಲ್. ಏಳು ಸೆಕೆಂಡಿಗೆ 3840 ಎಂದರೆ ಸೆಕೆಂಡಿಗೆ ಸುಮಾರು 549, ಫ್ರೇಮ್ ಒಂದಕ್ಕೆ ಸುಮಾರು 23 ಪಿಕ್ಸೆಲ್. ಈಗ ದೃಶ್ಯದಲ್ಲಿರುವ ಒಂದು ದೀಪದ ಕಂಬವನ್ನು ನೋಡುತ್ತಿದ್ದೀರಿ ಎನ್ನಿ. ಚಲಿಸುವ ವಸ್ತುವನ್ನು ಹಿಂಬಾಲಿಸುವಾಗ ಕಣ್ಣು ನಿಂತು ನಿಂತು ಹೋಗುವುದಿಲ್ಲ, ಒಂದೇ ವೇಗದಲ್ಲಿ ಜಾರುತ್ತದೆ; ಮುಂದಿನ ಕ್ಷಣ ಕಂಬ ಎಲ್ಲಿರುತ್ತದೆ ಎಂದು ಮಿದುಳು ಮೊದಲೇ ಅಂದಾಜು ಮಾಡಿಕೊಂಡಿರುತ್ತದೆ. ಫ್ರೇಮ್ ಬದಲಾಗಬೇಕಾದ ಹೊತ್ತಿಗೆ ಬದಲಾಗದೆ 8 ಮಿಲಿಸೆಕೆಂಡು ತಡವಾದರೆ, ಅಷ್ಟರಲ್ಲಿ ಕಣ್ಣು ನಾಲ್ಕೂವರೆ ಪಿಕ್ಸೆಲ್ ಮುಂದೆ ಹೋಗಿರುತ್ತದೆ, ಕಂಬ ಹಿಂದೆ ಉಳಿದಿರುತ್ತದೆ. ಮುಂದಿನ ಫ್ರೇಮಿನಲ್ಲಿ ಅದು ಧಾವಿಸಿ ಬಂದು ಕೂಡಿಕೊಳ್ಳುತ್ತದೆ. ಸೆಕೆಂಡಿಗೆ 12 ಸಲ ಹೀಗೆ ಹಿಂದುಳಿಯುವುದು, ಕೂಡಿಕೊಳ್ಳುವುದು. ಒಂದೊಂದನ್ನೂ ಬಿಡಿಯಾಗಿ ಎಣಿಸಲು ಯಾರಿಂದಲೂ ಆಗದು. ಆದರೆ ಒಟ್ಟಾಗಿ ಅದು ಕಂಬದ ಅಂಚಿನಲ್ಲಿ ಒಂದು ನಡುಕವಾಗಿ ಕಾಣುತ್ತದೆ. ಇದನ್ನೇ ಟಿವಿಯವರು ಜಡ್ಡರ್ ಎನ್ನುವುದು.

ಚಿತ್ರಮಂದಿರದಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿಯೂ 24 ಫ್ರೇಮುಗಳೇ. ಸೆಕೆಂಡಿಗೆ 24 ಸಲ ಬೆಳಕು ಬಂದು ಹೋದರೆ ಕಣ್ಣು ಕುಕ್ಕುತ್ತದೆಂದು ಹಳೆಯ ಪ್ರೊಜೆಕ್ಟರ್‌ನ ಶಟರ್‌ಗೆ ಎರಡು ಎಲೆಗಳನ್ನಿಟ್ಟು ಪ್ರತಿ ಫ್ರೇಮನ್ನೂ ಎರಡೆರಡು ಸಲ ಬೆಳಗಿಸುತ್ತಿದ್ದರು, ಕೆಲವು ಕಡೆ ಮೂರು ಎಲೆಯಿಟ್ಟು ಮೂರು ಮೂರು ಸಲ. ಎರಡೆಂದರೆ ಎಲ್ಲಕ್ಕೂ ಎರಡು, ಮೂರೆಂದರೆ ಎಲ್ಲಕ್ಕೂ ಮೂರು. ಪಂಕ್ತಿಭೇದವಿಲ್ಲ.

ಹಾಗಾದರೆ ಸಿನಿಮಾಕ್ಕೆ 24, ಟಿವಿಗೆ 60 ಎಂಬ ಈ ಹೊಂದದ ಜೋಡಿಯನ್ನು ಗಂಟು ಹಾಕಿದವರು ಯಾರು? ಯಾರೂ ಹಾಕಲಿಲ್ಲ, ಎರಡೂ ಬೇರೆ ಬೇರೆ ಮನೆಯಲ್ಲಿ ಹುಟ್ಟಿದವು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ವೇಗ ತಿರುಗಿಸುವವನ ಕೈಯಳತೆಗೆ ಬಿಟ್ಟದ್ದು. 1920ರ ದಶಕದ ಕೊನೆಯಲ್ಲಿ ಚಿತ್ರಕ್ಕೆ ಧ್ವನಿ ಸೇರಿದಾಗ ಆ ಸಡಿಲ ನಡೆಯಲಿಲ್ಲ. ವೇಗ ತುಸು ಏರಿಳಿದರೂ ನಾಯಕಿಯ ದನಿ ಕೀರಲಾಗುತ್ತದೆ, ಇಲ್ಲವೇ ಗೊಗ್ಗರಾಗುತ್ತದೆ. ಅಮೆರಿಕದಲ್ಲಿ ನಿಮಿಷಕ್ಕೆ 90 ಅಡಿ ಫಿಲ್ಮ್ ಎಂದು ನಿಗದಿಯಾಯಿತು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ 16 ಫ್ರೇಮು. 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 24. ಧ್ವನಿ ಕೇಳುವಂತಿರಬೇಕು, ಫಿಲ್ಮಿನ ಖರ್ಚೂ ಕೈಮೀರಬಾರದು, ಇವೆರಡರ ನಡುವಣ ರಾಜಿ ಅದು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬರುವ ಹೊತ್ತಿಗೆ 24 ಲೋಕರೂಢಿಯಾಗಿತ್ತು.

ಟಿವಿಯ ಸಂಖ್ಯೆ ಬಂದದ್ದು ಕರೆಂಟಿನ ತಂತಿಯಿಂದ. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ಯೂರೋಪಿನಲ್ಲಿ, ನಮ್ಮಲ್ಲಿ 50. ಹಳೆಯ ಟಿವಿಗಳಲ್ಲಿ ಚಿತ್ರದ ಗತಿ ಕರೆಂಟಿನ ಗತಿಗೆ ಹೊಂದದಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತಿದ್ದವು. ಹೊಂದಿಸಿಬಿಟ್ಟರೆ ಪಟ್ಟಿ ಇದ್ದರೂ ನಿಂತಲ್ಲೇ ನಿಲ್ಲುತ್ತದೆ, ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಹೀಗೆ ಅಮೆರಿಕದ ಟಿವಿ 60ಕ್ಕೆ ನಿಂತಿತು, ನಮ್ಮದು 50ಕ್ಕೆ.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. 1953ರಲ್ಲಿ ಅಮೆರಿಕನ್ನರು ಬಣ್ಣದ ಟಿವಿಗೆ ಮಾನಕ ಮಾಡಿದರು. ಜನ ಆಗಲೇ ಕೊಂಡಿದ್ದ ಕಪ್ಪು ಬಿಳುಪು ಟಿವಿಗಳೂ ಕೆಲಸ ಮಾಡುತ್ತಿರಬೇಕು ಎಂಬ ಷರತ್ತು ಬೇರೆ. ಹೊಸದಾಗಿ ಸೇರಿದ ಬಣ್ಣದ ಸಂಕೇತ ಹಳೆಯ ಧ್ವನಿಯ ಸಂಕೇತದೊಂದಿಗೆ ಸಿಕ್ಕಿಕೊಂಡು ಚಿತ್ರದಲ್ಲಿ ಚುಕ್ಕಿ ಚುಕ್ಕಿ ಕಾಣದಿರಲೆಂದು ಎಂಜಿನಿಯರುಗಳು ಇಡೀ ಗತಿಯನ್ನು ಸಾವಿರದೊಂದರಲ್ಲಿ ಒಂದು ಪಾಲಿನಷ್ಟು ಇಳಿಸಿದರು. 60 ಹೋಗಿ 59.94 ಆಯಿತು. ಅದರ ಜೊತೆ ಹೊಂದಬೇಕಲ್ಲ ಎಂದು ಟಿವಿಗೆ ಬರುವ ಸಿನಿಮಾ 24ರಿಂದ 23.976ಕ್ಕೆ ಇಳಿಯಿತು. ಆ ಧ್ವನಿ ಸಂಕೇತ, ಆ ಟ್ರಾನ್ಸ್‌ಮಿಟರ್, ಆ ಪೆಟ್ಟಿಗೆ ಟಿವಿ ಎಲ್ಲ ಮೂಲೆ ಸೇರಿ ವರ್ಷಗಳಾದವು. ಸಂಖ್ಯೆ ಮಾತ್ರ ಹೋಗಲಿಲ್ಲ. ಇಂದಿಗೂ ನೀವು ಓಟಿಟಿಯಲ್ಲಿ ನೋಡುವ ಎಷ್ಟೋ ಚಿತ್ರಗಳ ಫೈಲ್ ತೆರೆದರೆ ಫ್ರೇಮ್ ರೇಟ್ ಎಂಬಲ್ಲಿ 23.976 ಎಂದೇ ಇರುತ್ತದೆ. ತಾತ ಮಾಡಿದ ಸಾಲವನ್ನು ಮರಿಮಕ್ಕಳು ತೀರಿಸುವುದೆಂದರೆ ಇದೇ ಇರಬೇಕು.

50 ಹರ್ಟ್ಸ್‌ನ ದೇಶಗಳು ಬೇರೆ ದಾರಿ ಹಿಡಿದವು. 24 ಫ್ರೇಮಿನ ಸಿನಿಮಾವನ್ನು ತಕ ತಕಿಟ ಮಾಡುವ ಗೋಜಿಗೇ ಹೋಗದೆ ಸೆಕೆಂಡಿಗೆ 25ರಂತೆ ಓಡಿಸಿಬಿಟ್ಟರು. ಒಂದೊಂದು ಫ್ರೇಮಿಗೆ ಸರಿಯಾಗಿ ಎರಡೆರಡು. ಚಲನೆ ನುಣುಪು. ಬೆಲೆ ತೆತ್ತದ್ದು ಕಾಲ ಮತ್ತು ಶ್ರುತಿ. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ. ಹಾಡುಗಳ ಶ್ರುತಿ ಏರುತ್ತದೆ; ಹಾರ್ಮೋನಿಯಂನಲ್ಲಿ ಒಂದು ಕೀಲಿಗೂ ಪಕ್ಕದ ಕೀಲಿಗೂ ಇರುವ ಅಂತರದ ಹತ್ತರಲ್ಲಿ ಏಳು ಪಾಲಿನಷ್ಟು. ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಹಾಡಿನ ಶ್ರುತಿಗೂ ಟಿವಿಯಲ್ಲಿ ಬಂದ ಅದೇ ಹಾಡಿನ ಶ್ರುತಿಗೂ ಹೀಗೆ ಅಂತರ ಬೀಳುತ್ತಿತ್ತು. ನನ್ನನ್ನು ಕೇಳಿದರೆ ಇದು ಸಣ್ಣ ಅನ್ಯಾಯ. ಶ್ರುತಿ ಏರಿದ್ದು ಸಂಗೀತಗಾರರನ್ನು ಬಿಟ್ಟರೆ ಹೆಚ್ಚು ಜನರಿಗೆ ತಿಳಿಯಲಿಲ್ಲ, ಕುಂಟುವ ಚಿತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ವಿಚಿತ್ರವೆಂದರೆ ನಮ್ಮ ದೇಶದ ಟಿವಿ ಪ್ರಸಾರ ಇಂದಿಗೂ 50ರ ಲೆಕ್ಕದ್ದು, ನಾವು ಟಿವಿಗೆ ಸಿಕ್ಕಿಸುವ ಸ್ಟಿಕ್ ಮಾತ್ರ 60ರದ್ದು. ಸೆಟ್ ಟಾಪ್ ಬಾಕ್ಸಿನಿಂದ ಕ್ರಿಕೆಟ್ ಬಂದಾಗ ಬಾಕ್ಸು 50 ಹರ್ಟ್ಸ್ ಕಳಿಸುತ್ತದೆ, ಟಿವಿ ತಾನೂ 50ಕ್ಕೆ ಇಳಿಯುತ್ತದೆ, ಬೌಂಡರಿಗೆ ಓಡುವ ಚೆಂಡಿನ ಹಿಂದೆ ಕ್ಯಾಮೆರಾ ನೀರು ಹರಿದಂತೆ ತಿರುಗುತ್ತದೆ. ಸೆಕೆಂಡಿಗೆ 50 ಫ್ರೇಮಿನ ಅಂಥದೇ ಆಟ ಆ್ಯಪ್‌ನಲ್ಲಿ ಬಂದು, ಸ್ಟಿಕ್ 60 ಬಿಟ್ಟು ಕದಲದಿದ್ದರೆ? 50 ಫ್ರೇಮುಗಳನ್ನು 60 ಮನೆಗಳಲ್ಲಿ ಕೂರಿಸಬೇಕು. ಐದಕ್ಕೆ ಒಂದರಂತೆ ಫ್ರೇಮ್ ಎರಡು ಸಲ ಬರುತ್ತದೆ. ಸೆಕೆಂಡಿಗೆ ಹತ್ತು ಮುಗ್ಗರಿಕೆ. 25 ಫ್ರೇಮಿನ ಧಾರಾವಾಹಿಯಾದರೆ ಎರಡು, ಎರಡು, ಮೂರು, ಎರಡು, ಮೂರು ಎಂಬ ಇನ್ನೂ ಓರೆಕೋರೆಯಾದ ನಡೆ. "ಡಿಶ್‌ನಲ್ಲಿ ಚೆನ್ನಾಗಿತ್ತು, ಆ್ಯಪ್‌ನಲ್ಲಿ ಒಂಥರಾ" ಎಂದು ಜನ ಹೇಳುವುದರಲ್ಲಿ ಬಹುಪಾಲು ಸತ್ಯವಿದೆ. ಆ 'ಒಂಥರಾ' ಎಷ್ಟೋ ಸಲ ಈ ಐದಕ್ಕೊಂದು.

ಅಂಗಡಿಯಲ್ಲಿ ಇದಕ್ಕೆ ಸಿಗುವ ಉತ್ತರ 120 ಹರ್ಟ್ಸ್ ಟಿವಿ. ಉತ್ತರ ಅರ್ಧ ಸರಿ. 120 ಎಂಬುದು 24ರ ಐದರಷ್ಟು, 30ರ ನಾಲ್ಕರಷ್ಟು, 60ರ ಎರಡರಷ್ಟು. ಆದರೆ 25ಕ್ಕೂ 50ಕ್ಕೂ ಅದು ಒಗ್ಗುವುದಿಲ್ಲ. ಅವಕ್ಕೆ ಪ್ಯಾನಲ್ 100ಕ್ಕೆ ಇಳಿಯಲೇಬೇಕು. 24, 25, 30, 50, 60 ಎಲ್ಲಕ್ಕೂ ಶೇಷವಿಲ್ಲದೆ ಭಾಗವಾಗುವ ಕನಿಷ್ಠ ಸಂಖ್ಯೆ ಹುಡುಕಿದರೆ 600 ಬರುತ್ತದೆ, ಶಾಲೆಯ ಲಸಾಅ. ಇನ್ನು ಡಬ್ಬದ ಮೇಲೆ 'ಮೋಷನ್' ಎಂಬ ಪದದ ಪಕ್ಕ ಅಚ್ಚಾಗಿರುವ 240 ಥರದ ಸಂಖ್ಯೆಗಳನ್ನು ನಂಬಬೇಡಿ. ಅದು ಪ್ಯಾನಲ್‌ನ ನಿಜವಾದ ಹರ್ಟ್ಸ್ ಆಗಿರಬೇಕೆಂದೇನೂ ಇಲ್ಲ.

ಅಷ್ಟೆಲ್ಲ ದೊಡ್ಡ ಸಂಖ್ಯೆ ಬೇಕಾಗಿಯೂ ಇಲ್ಲ. ಬಂದ ಚಿತ್ರದ ಗತಿ ಯಾವುದೋ ಆ ಗತಿಗೆ ಟಿವಿ ತಾನೇ ಬದಲಾದರೆ ಸಾಕು: ಸಿನಿಮಾ ಬಂದರೆ 24, ನಮ್ಮ ಪ್ರಸಾರ ಬಂದರೆ 50, ಅಮೆರಿಕದ್ದು ಬಂದರೆ 60. ಈ ಅನುಕೂಲ ಟಿವಿಗೆ ಸಿಕ್ಕಿಸುವ ಇಂದಿನ ಹೆಚ್ಚಿನ ಸ್ಟಿಕ್, ಪೆಟ್ಟಿಗೆಗಳಲ್ಲಿ ಇದೆ, ಆದರೆ ಸೆಟ್ಟಿಂಗ್ಸ್‌ನ ತಳದಲ್ಲಿ, ಹಲವು ಸಲ ಆಫ್ ಆಗಿ. ಆಪಲ್ ಟಿವಿ 4ಕೆಯಲ್ಲಿ 2017ರ ಡಿಸೆಂಬರಿನ ಅಪ್‌ಡೇಟ್‌ನೊಂದಿಗೆ ಬಂದ 'ಮ್ಯಾಚ್ ಕಂಟೆಂಟ್' ಎಂಬ ಮೆನುವಿನಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಇದೆ. ಫೈರ್ ಟಿವಿ ಸ್ಟಿಕ್‌ನಲ್ಲಿ ಅದರ ಹೆಸರು 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್', ಆಂಡ್ರಾಯ್ಡ್ ಟಿವಿಯ ಹೊಸ ಆವೃತ್ತಿಗಳಲ್ಲಿ 'ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್'. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ನಿಂದ ಸಿನಿಮಾ ನೋಡುವವರ ಅಚ್ಚುಮೆಚ್ಚಿನ 'ಕೋಡಿ' ಆ್ಯಪ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಎಂಬುದನ್ನು 'ಆನ್ ಸ್ಟಾರ್ಟ್/ಸ್ಟಾಪ್'ಗೆ ಇಡಬೇಕು. ಇಟ್ಟ ಮೇಲೆ ಸಿನಿಮಾ ಶುರುವಾಗುವಾಗೊಮ್ಮೆ ಮುಗಿಯುವಾಗೊಮ್ಮೆ ಪರದೆ ಒಂದೆರಡು ಸೆಕೆಂಡು ಕಪ್ಪಾಗುತ್ತದೆ. ಪೆಟ್ಟಿಗೆಯೂ ಟಿವಿಯೂ ಎಚ್‌ಡಿಎಂಐ ತಂತಿಯ ಮೇಲೆ ಹೊಸ ಗತಿಗೆ ಒಪ್ಪಂದ ಮಾಡಿಕೊಳ್ಳುತ್ತಿರುವ ಹೊತ್ತು ಅದು. ಟ್ರೇಲರ್ ಬಿಟ್ಟು ಟ್ರೇಲರ್ ನೋಡುತ್ತಾ ಕೂರುವವರಿಗೆ ಈ ಕಪ್ಪು ಕಿರಿಕಿರಿ. ಕಂಪನಿಗಳು ಇದನ್ನು ಆಫ್ ಮಾಡಿಯೇ ಮಾರುವುದು ಈ ಕಿರಿಕಿರಿಗೆ ಹೆದರಿ ಎಂಬುದು ನನ್ನ ಊಹೆ. 2017ರ ನವೆಂಬರಿನಲ್ಲಿ ಬಂದ ಎಚ್‌ಡಿಎಂಐ 2.1ರಲ್ಲಿ ಕಪ್ಪಾಗದೆ ಗತಿ ಬದಲಿಸುವ ಕ್ರಮವೊಂದಿದೆ. ತಂತಿಯ ಎರಡೂ ತುದಿಯ ಯಂತ್ರಗಳಿಗೆ ಅದು ಬರುತ್ತಿರಬೇಕು.

ಸೆಟ್ಟಿಂಗ್ ಆನ್ ಮಾಡಿದರೂ ಎರಡು ಕಡೆ ಕೆಲಸ ಕೆಡಬಹುದು. ಪೆಟ್ಟಿಗೆ ಎಷ್ಟೇ ಸಿದ್ಧವಿದ್ದರೂ ತನ್ನ ಗತಿ ಇಂಥದ್ದು ಎಂದು ಆ್ಯಪ್ ಹೇಳಬೇಕು, ಹೇಳದ ಆ್ಯಪ್‌ಗಳಿವೆ. ಮತ್ತೆ, 24 ಹರ್ಟ್ಸ್ ಸಂಕೇತವನ್ನು ಒಪ್ಪಿಕೊಂಡ ಅಗ್ಗದ ಟಿವಿ ಒಳಗೊಳಗೇ ತನ್ನ 60ರ ಪ್ಯಾನಲ್‌ಗೆ ಅದೇ ಎರಡು ಮೂರರ ನಡೆಯಲ್ಲಿ ಬಡಿಸಬಹುದು. ಒಳ್ಳೆಯ ಟಿವಿ 48ಕ್ಕೋ 120ಕ್ಕೋ ಹೋಗುತ್ತದೆ. ಇದಕ್ಕೆ ಪರೀಕ್ಷೆಯೊಂದಿದೆ. ಒಂದು ಸಾಲಿನಲ್ಲಿ 12 ಚೌಕಗಳಿದ್ದು, ಪ್ರತಿ ಫ್ರೇಮಿಗೂ ಒಂದರಂತೆ ಸಾಲಾಗಿ ಬೆಳಗುವ 24 ಫ್ರೇಮಿನ ವೀಡಿಯೊ ಹಾಕಿ. ಫೋನನ್ನು ಯಾವುದಕ್ಕಾದರೂ ಒರಗಿಸಿ, ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರನ್ನು ಅರ್ಧ ಸೆಕೆಂಡಿಗಿಟ್ಟು ಫೋಟೊ ತೆಗೆಯಿರಿ. ಅಷ್ಟರಲ್ಲಿ ಹನ್ನೆರಡು ಚೌಕವೂ ಒಂದೊಂದು ಸಲ ಬೆಳಗಿರುತ್ತದೆ. ಎಲ್ಲ ಒಂದೇ ಹೊಳಪಿನಲ್ಲಿ ಬಂದಿದ್ದರೆ ಟಿವಿ ನ್ಯಾಯವಾಗಿ ನಡೆದುಕೊಂಡಿದೆ. ಒಂದು ಮಂಕು ಒಂದು ಪ್ರಕಾಶ, ಒಂದು ಮಂಕು ಒಂದು ಪ್ರಕಾಶ ಎಂದು ಬಂದಿದ್ದರೆ ಎರಡು ಮೂರರ ಆಟ ನಡೆದಿದೆ. ಬರಿಗಣ್ಣಿಗೆ ವಾದ ಮಾಡಲು ಬಿಡದ ಸಾಕ್ಷಿ ಇದು.

23.976ರ ಚಿತ್ರವನ್ನು ಸರಿಯಾದ 24ರಲ್ಲಿ ಓಡಿಸಿದರೆ ಏನಾಗುತ್ತದೆ ಎಂಬುದೂ ನೋಡಬೇಕಾದ್ದೇ. ಅಂತರ ಸೆಕೆಂಡಿಗೆ 0.024 ಫ್ರೇಮು. ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಕೊರತೆ ಬಿದ್ದು ಹಿಂದಿನದೇ ಮತ್ತೆ ಬರುತ್ತದೆ. ಅದು ನಿಂತ ದೃಶ್ಯದಲ್ಲಿ ಬಂದರೆ ಯಾರಿಗೂ ತಿಳಿಯದು, ಬೆಟ್ಟದ ಸಾಲಿನ ನಡುವೆ ಬಂದರೆ ಎಡವಿದಂತೆ ಕಾಣುತ್ತದೆ. ಬಹಳ ಟಿವಿಗಳು ಮಾಹಿತಿ ಪಟ್ಟಿಯಲ್ಲಿ ಎರಡನ್ನೂ 24 ಎಂದೇ ತೋರಿಸುವುದರಿಂದ ಇದನ್ನು ಕಂಡುಹಿಡಿಯಲು ತಾಳ್ಮೆ ಬೇಕು.

ಈಗ ಎಲ್ಲ ಸರಿಹೊಂದಿತು, ಪ್ರತಿ ಫ್ರೇಮಿಗೂ ಸಮಪಾಲು ಸಿಕ್ಕಿತು ಎನ್ನೋಣ. ಆದರೂ ವೇಗದ ದೃಶ್ಯಗಳಲ್ಲಿ ಅಂಚುಗಳು ಹೆಜ್ಜೆ ಹೆಜ್ಜೆಯಾಗಿ ಹೋದಂತೆ ಕಾಣಬಹುದು. ಓಎಲ್‌ಇಡಿ ಪರದೆಯಲ್ಲಂತೂ ಇನ್ನಷ್ಟು, ಏಕೆಂದರೆ ಅದರ ಪಿಕ್ಸೆಲ್ಲುಗಳು ಕ್ಷಣಾರ್ಧದಲ್ಲಿ ಬದಲಾಗಿ ಉಳಿದ ಹೊತ್ತೆಲ್ಲ ಅಲುಗದೆ ನಿಲ್ಲುತ್ತವೆ. ಹಳೆಯ ಎಲ್‌ಸಿಡಿಯ ಸೋಮಾರಿತನ ಈ ಹೆಜ್ಜೆಗಳನ್ನು ಮಸುಕು ಮಾಡಿ ಮುಚ್ಚುತ್ತಿತ್ತು. ಇಲ್ಲಿ ಎರಡು ಬೇರೆ ಬೇರೆ ದೂರುಗಳಿವೆ, ಜನ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ಹಂಚಿಕೆ ಸಮನಾಗಿಲ್ಲ ಎಂಬುದು ಒಂದು. ಅದು ಟಿವಿಯ ದೋಷ, ಸರಿಪಡಿಸಬಹುದು. ಸೆಕೆಂಡಿಗೆ 24 ಚಿತ್ರ ಸಾಲುತ್ತಿಲ್ಲ ಎಂಬುದು ಇನ್ನೊಂದು. ಅದು ಸಿನಿಮಾದ ಹುಟ್ಟುಗುಣ. ಎರಡನೆಯದಕ್ಕೆ ಟಿವಿ ಕಂಪನಿಗಳು ಕೊಟ್ಟ ಮದ್ದು, ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮುಗಳನ್ನು ಊಹಿಸಿ ತುಂಬುವುದು. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದು ಹೆಸರು. ಚಲನೆ ಬೆಣ್ಣೆಯಂತಾಗುತ್ತದೆ, ಜೊತೆಗೆ ಕೋಟಿಗಟ್ಟಲೆ ಖರ್ಚಿನ ಸಿನಿಮಾ ಸಂಜೆಯ ಧಾರಾವಾಹಿಯಂತೆ ಕಾಣತೊಡಗುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್‌ಕ್ವಾರಿ ಇದನ್ನು ಆಫ್ ಮಾಡಿ ಎಂದು ವೀಡಿಯೊ ಮಾಡಿಯೇ ಕೇಳಿಕೊಂಡರು. ಮರುವರ್ಷ ಟಿವಿಗಳಿಗೆ 'ಫಿಲ್ಮ್‌ಮೇಕರ್ ಮೋಡ್' ಘೋಷಣೆಯಾಯಿತು. ಫ್ರೇಮುಗಳನ್ನೇ ಹೆಚ್ಚಿಸಿ ನೋಡೋಣ ಎಂದು ಪೀಟರ್ ಜಾಕ್ಸನ್ 2012ರಲ್ಲಿ 'ದಿ ಹಾಬಿಟ್' ಚಿತ್ರವನ್ನು 48ರಲ್ಲಿ ತೆಗೆದಿದ್ದರು. ಸೆಟ್ಟು ಸೆಟ್ಟಿನಂತೆಯೇ, ಮೇಕಪ್ಪು ಮೇಕಪ್ಪಿನಂತೆಯೇ ಕಾಣುತ್ತದೆ ಎಂದು ಬಹಳ ಮಂದಿ ಗೊಣಗಿದರು. ಕ್ರಿಕೆಟ್ಟಿಗೆ ಹೆಚ್ಚು ಫ್ರೇಮ್ ಬೇಕು, ಸಿನಿಮಾಕ್ಕೆ 24 ಒಗ್ಗಿಹೋಗಿದೆ ಎಂಬ ಪಕ್ಷ ನನ್ನದು. ಆದರೆ ಊಹೆಯ ಫ್ರೇಮುಗಳನ್ನು ಇಷ್ಟಪಟ್ಟು ನೋಡುವವರ ರಿಮೋಟು ಕಿತ್ತುಕೊಳ್ಳುವಷ್ಟು ಹಟ ನನಗಿಲ್ಲ.

ಟಿವಿಯಿಂದ ಏನೂ ಮಾಡಲಾಗದ ಕುಂಟುವಿಕೆಯೂ ಒಂದಿದೆ. ನಮ್ಮ ಮದುವೆ ವೀಡಿಯೊಗಳಲ್ಲಿ ಅದು ಧಾರಾಳ. ವೀಡಿಯೊದವರ ಕ್ಯಾಮೆರಾ ಸೆಕೆಂಡಿಗೆ 25ರಲ್ಲಿ ಓಡುತ್ತಿರುತ್ತದೆ. ಸೋದರಮಾವ ಫೋನಿನಲ್ಲಿ ಹಿಡಿದ ಧಾರೆಯ ದೃಶ್ಯ 30ರಲ್ಲಿ. ಎಡಿಟಿಂಗಿನಲ್ಲಿ ಎರಡನ್ನೂ 25ರ ಸಾಲಿಗೆ ಪೋಣಿಸುವಾಗ ಫೋನಿನ ಆರು ಫ್ರೇಮಿಗೆ ಒಂದನ್ನು ಕಂಪ್ಯೂಟರ್ ಎಸೆಯುತ್ತದೆ. ಎಸೆದ ಮೇಲೆ ಮುಗಿಯಿತು. ಯಾವ ಹರ್ಟ್ಸಿಗೆ ಟಿವಿ ಇಟ್ಟರೂ ಮಾವ ತೆಗೆದ ತುಣುಕಿನಲ್ಲಿ ಧಾರೆಯ ನೀರು ತಡೆತಡೆದೇ ಬೀಳುತ್ತದೆ. ಇದಕ್ಕೆ ಪರಿಹಾರ ತೆಗೆಯುವಾಗಲೇ ಆಗಬೇಕು. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಶೋ ಪಾಲ್ ಫಾರ್ಮ್ಯಾಟ್ಸ್' ಎಂಬುದನ್ನು ಆನ್ ಮಾಡಿದರೆ 25 ಫ್ರೇಮಿನ ಆಯ್ಕೆ ಕಾಣುತ್ತದೆ, ಕೆಲವು ಆಂಡ್ರಾಯ್ಡ್ ಫೋನುಗಳ ಪ್ರೊ ಮೋಡ್‌ನಲ್ಲೂ ಸಿಗುತ್ತದೆ. 25ಕ್ಕೆ ಇಡುವುದರಿಂದ ಇನ್ನೊಂದು ಲಾಭವಿದೆ. ಛತ್ರದ ಟ್ಯೂಬ್‌ಲೈಟುಗಳು, ಅಗ್ಗದ ಎಲ್‌ಇಡಿ ಸರಗಳು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. 25ರಲ್ಲಿ ಪ್ರತಿ ಫ್ರೇಮಿನ ಪಾಲಿಗೆ ಸರಿಯಾಗಿ ನಾಲ್ಕು ಮಿನುಗು ಬರುತ್ತದೆ. 30ರಲ್ಲಿ ಮೂರೂ ಚಿಲ್ಲರೆ. ಫೋನಿನ ವೀಡಿಯೊದಲ್ಲಿ ಮಂಟಪದ ಹಿಂದಿನ ಗೋಡೆಯ ಮೇಲೆ ನೆರಳಿನ ಪಟ್ಟಿಗಳು ಮೇಲೆ ಕೆಳಗೆ ತೇಲುವುದು ಆ ಚಿಲ್ಲರೆಯಿಂದ. ಶಟರನ್ನು ಸೆಕೆಂಡಿನ 50ರಲ್ಲಿ ಒಂದು ಪಾಲಿಗೆ ನಿಲ್ಲಿಸಿದರೆ ಪಟ್ಟಿಗಳೂ ಹೋಗುತ್ತವೆ.